ನಾಲ್ಕನೇ ಚರಣದ ಗದ್ದಲ

ಜಗಳ ತೆಗೆಯಲು ನಮ್ಮ ಕಡೆಯ ಮಂದಿಗೆ ಹೊಲದ ಬದುವೇ ಬೇಕೆಂದಿಲ್ಲ, ಒಂದು ಹಳೆಯ ನಾಟಕ ಸಾಕು. ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಅಳತೆ ಕೊಡಲು ಬಂದವರು ಅಳತೆ ಮರೆತು ಜಗಳಾಡಿ ಹೋಗುವುದು ಇಲ್ಲಿ ಹೊಸದಲ್ಲ. ಆದರೂ "ಹಿರಿಸೊಸೆಯ ಹಸಿರು ಬಳೆ" ನಾಟಕ ಟಿವಿಯಲ್ಲಿ ನೇರಪ್ರಸಾರವಾಗುತ್ತದೆಂದು ಗೊತ್ತಾದ ದಿನದಿಂದ ನಡೆದದ್ದನ್ನು ಬರೆದಿಡದಿದ್ದರೆ ಮುಂದೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅದು ಕಂಪನಿ ನಾಟಕ. ಒಂದು ಮನೆ, ಒಬ್ಬ ಮಾವ, ಅವನ ಮೂವರು ಗಂಡುಮಕ್ಕಳು, ಒಬ್ಬ ಹಿರಿಸೊಸೆ, ಮನೆ ತುಂಬ ಹಾಡು. ಎರಡನೇ ಅಂಕದ ಕೊನೆಗೆ ಮಾವ ಹಾಡುತ್ತ ಸಾಯುತ್ತಾನೆ. ಮೂರು ಚರಣದಲ್ಲಿ ಮೂವರು ಮಕ್ಕಳಿಗೆ ಬುದ್ಧಿ ಹೇಳಿ, ನಾಲ್ಕನೆಯದರಲ್ಲಿ ಮನೆಯ ಕೀಲಿಯನ್ನು ಹಿರಿಸೊಸೆಯ ಕೈಗಿಟ್ಟು ಕಣ್ಣು ಮುಚ್ಚುತ್ತಾನೆ. ಮೂವತ್ತು ವರ್ಷ ಆ ಮಾವನಾಗಿದ್ದವರು ನಮ್ಮ ಮಾಸ್ತರು. ಕಂಪನಿ ಮುಚ್ಚಿದ ಮೇಲೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಾರೆ. ಟಿವಿಯವರು ಮಿಕ್ಕ ಪಾತ್ರಗಳಿಗೆಲ್ಲ ಧಾರಾವಾಹಿಯವರನ್ನು ಹಾಕಿಕೊಂಡು, ಮಾವನ ಪಾತ್ರಕ್ಕೆ ಮಾತ್ರ ಮಾಸ್ತರನ್ನೇ ಕರೆದರು. ಹಾಡು ಮಾತ್ರ ಒಂದೇ ಚರಣ ಸಾಕೆಂದರು.

ಗದ್ದಲ ಶುರುವಾದದ್ದು ಅಲ್ಲಿಂದ.

ರಾಗದ ಓದು

ಈ ನಾಟಕದ ವಿಷಯದಲ್ಲಿ ನನಗೇಕೆ ಇಷ್ಟು ಹಟ ಎಂದು ಕೇಳುವವರಿದ್ದಾರೆ. ನಾನು ಶಾಲೆಗೆ ಹೋದವಳಲ್ಲ. ನನ್ನೂರು ಕಮಲಾಪುರದಲ್ಲಿ ಕಂಪನಿ ಟೆಂಟು ಹಾಕಿದ್ದಾಗ ಈ ನಾಟಕವನ್ನು ಒಂಬತ್ತು ಸಲ ನೋಡಿ ಹಾಡೆಲ್ಲ ಬಾಯಿಪಾಠ ಮಾಡಿದ್ದೆ. ಟೆಂಟಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅದನ್ನು ಕೊಂಡು ತಂದು, ಬಾಯಲ್ಲಿದ್ದ ಹಾಡನ್ನು ಕಾಗದದ ಮೇಲಿನ ಅಕ್ಷರಕ್ಕೆ ಒಂದೊಂದಾಗಿ ಜೋಡಿಸುತ್ತ ಓದು ಕಲಿತೆ. ಯಾರೂ ಕಲಿಸಲಿಲ್ಲ. ಈಗ ಕಾದಂಬರಿ, ಪೇಪರು, ಕೋರ್ಟಿನ ನೋಟೀಸು ಏನು ಕೊಟ್ಟರೂ ಓದುತ್ತೇನೆ.

ಮೊದಲ ವರ್ಷ ಮಾತ್ರ ಒಂದು ತೊಂದರೆ ಇತ್ತು. ರಾಗ ಹಿಡಿಯದೆ ನನಗೆ ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿನ ಬೋರ್ಡನ್ನು ಎಳೆದೆಳೆದು ಹಾಡುತ್ತಿದ್ದೆ. ಕಂಡಕ್ಟರ್ ಬಾಗಿಲಿಂದ ತಲೆ ಹೊರಗೆ ಹಾಕಿದ.

"ಯವ್ವಾ, ನಿನ್ನ ಪಲ್ಲವಿ ಮುಗಿಯೂತನಾ ಬಸ್ ನಿಲ್ಲಂಗಿಲ್ಲ. ಕಮಲಾಪುರಕ್ಕ ಹೋಗ್ತದ, ಹತ್ತೂದಿದ್ರ ಹತ್ತು."

ಇನ್ನೊಬ್ಬರು ಓದಿ ಹೇಳಿದ ಬಸ್ಸು ಹತ್ತಬಾರದೆಂದು ನನ್ನ ಹಟ. ಕೊನೆಯ ಅಕ್ಷರದ ತನಕ ನಾನೇ ಓದಿದೆ. ಕಮಲಾಪುರದ ಬಸ್ಸೇ ಆಗಿತ್ತು. ಹೋಯಿತು.

ಎರಡು ನಿಮಿಷದ ಸಾವು

ಟಿವಿಯ ನಿರ್ದೇಶಕ ಬೆಂಗಳೂರಿನವನು, ಮರ್ಯಾದಸ್ಥ. ಕೊರಳಲ್ಲಿ ಸದಾ ಹೆಡ್‌ಫೋನು. ಮಾಸ್ತರನ್ನು ಕಾಣಲು ಬಂದವನು ನನ್ನ ಅಂಗಡಿಯಲ್ಲೇ ಕೂತ.

"ಸರ್, ನೇರಪ್ರಸಾರ ಅಲ್ವಾ, ಟೈಮಿಗೆ ಸರಿಯಾಗಿ ನಡೀಬೇಕು. ಒಂದು ಚರಣ ಹಾಡಿ, ಎರಡು ನಿಮಿಷದಲ್ಲಿ ಸತ್ತುಬಿಡಿ."

ಮಾಸ್ತರು ಅವನ ಹತ್ತಿರ ಸರಿದು ಕೂತರು. "ನನಗ ಏನ್ ರೋಗ ಅದರಿ?"

"ರೋಗ ಏನಿಲ್ಲ ಸರ್. ವಯಸ್ಸಾಗಿದೆ."

"ವಯಸ್ಸಾದಾಂವ ಎರಡ್ ನಿಮಿಷದಾಗ ಸಾಯಂಗಿಲ್ರಿ. ನಮ್ಮಪ್ಪ ಏಳು ತಿಂಗಳ ತಗೊಂಡಾನ."

ನಿರ್ದೇಶಕ ನನ್ನ ಮುಖ ನೋಡಿದ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಅವನು ಹೋದ ಮೇಲೆ ಮಾಸ್ತರು ಅಲ್ಲೇ ಕೂತಿದ್ದರು. ಅವರಿಗೆ ದಮ್ಮು. ಮೆಟ್ಟಿಲು ಹತ್ತಿದರೆ ಎರಡು ಕಡೆ ನಿಲ್ಲುತ್ತಾರೆ. "ತಂಗಿ, ಇನ್ನೊಮ್ಮಿ ನನ್ನ ಯಾರ್ ಕರೀತಾರ? ಕಡೀದೊಮ್ಮಿ ಪೂರಾ ಹಾಡಿ ಬಿಡಬೇಕಂತ ಇತ್ತು" ಅಂದರು. ನಾನು ರೊಟ್ಟಿ ತಂದುಕೊಟ್ಟರೂ ಮುಟ್ಟಲಿಲ್ಲ.

"ಒಂದೇ ಚರಣ ಆದ್ರೂ ಟಿವಿ ಟಿವಿನೇ ಅಲ್ರೀ ಮಾಸ್ತರ" ಅಂದೆ, ಸಮಾಧಾನಕ್ಕೆ.

"ಹಂಗಲ್ಲ ತಂಗಿ. ನಾಲ್ಕನೇ ಚರಣ ಹಾಡದ ನಾ ಒಮ್ಮೀನೂ ಸತ್ತಿಲ್ಲ."

ಮತದಾನ

ಅಭಿಮಾನಿಗಳದೊಂದು ವಾಟ್ಸಾಪ್ ಗ್ರೂಪಿದೆ. ಅದರ ಅಡ್ಮಿನ್ ನಿವೃತ್ತ ಗುಮಾಸ್ತರು. ಕಚೇರಿಯ ಶಿಸ್ತು ಇನ್ನೂ ಬಿಟ್ಟಿಲ್ಲ. ಚರಣದ ಸುದ್ದಿ ನಾನೇ ಹಾಕಿದೆ. ಅರ್ಧ ಗಂಟೆಯಲ್ಲಿ ಗ್ರೂಪು ಎರಡಾಯಿತು. ಒಂದು ಚರಣ ಸಾಕು, ಈಗಿನ ಮಂದಿಗೆ ಪುರುಸೊತ್ತಿಲ್ಲ ಅಂದವರು ಒಂದು ಕಡೆ. ಅಂಥವರು ನಾಟಕವನ್ನೇ ನೋಡಬಾರದು, ಗೋಡೆಗೆ ಹಚ್ಚಿದ ಪೋಸ್ಟರು ನೋಡಿಕೊಂಡು ಮನೆಗೆ ಹೋಗಬೇಕು ಅಂದವಳು ನಾನು. ಕೀಲಿ ಕೊಡದೆ ಸತ್ತರೆ ಮೂರನೇ ಅಂಕದಲ್ಲಿ ಹಿರಿಸೊಸೆ ಬೀಗ ತೆಗೆಯುವುದು ಹೇಗೆ ಎಂದೂ ಕೇಳಿದೆ. ಒಬ್ಬರು "ಡೂಪ್ಲಿಕೇಟ್ ಇರ್ತದ ಬಿಡ್ರಿ" ಎಂದು ಬರೆದರು. ಅವರೊಂದಿಗೆ ಈಗಲೂ ನಾನು ಮಾತಾಡುವುದಿಲ್ಲ.

ಕೊನೆಗೆ ಅಡ್ಮಿನ್ ಮತದಾನ ಇಟ್ಟರು. ಟಿವಿಯವರಿಗೆ ಅಭಿಮಾನಿಗಳ ತೀರ್ಮಾನ ಬರವಣಿಗೆಯಲ್ಲಿ ತಲುಪಲಿ ಎಂದು ಅವರ ವಿಚಾರ. ಮೊದಲ ಆಯ್ಕೆ, ಒಂದು ಚರಣ. ಎರಡನೆಯದು, ನಾಲ್ಕು ಚರಣ. ಮುಂಜಾನೆಯಿಂದ ಎಲ್ಲರೂ ಅದನ್ನೇ ಕೇಳುತ್ತಿದ್ದರೆಂದು ಮೂರನೆಯದೊಂದನ್ನೂ ಸೇರಿಸಿದರು: "ಊಟದ ವ್ಯವಸ್ಥೆ ಇದೆಯೇ?"

ಊಟವೇ ಗೆದ್ದಿತು. ಅಡ್ಮಿನ್ ಶಿಸ್ತಿನವರು, ಅದನ್ನೇ ಅಭಿಮಾನಿಗಳ ತೀರ್ಮಾನವೆಂದು ಚಾನೆಲ್ಲಿಗೆ ಬರೆದು ಕಳಿಸಿದರು.

ಕಮಲಾಪುರದ ತಕರಾರು

ಶಹರದವರನ್ನು ಬಿಟ್ಟು ನನ್ನೂರಿನವರ ಬೆಂಬಲ ಪಡೆಯೋಣವೆಂದು ಸಂತೆಯ ದಿನ ಕಮಲಾಪುರಕ್ಕೆ ಹೋದೆ. ಅಲ್ಲಿ ನಮ್ಮಣ್ಣನ ಹೆಂಡತಿ, ನಮ್ಮ ವೈನಿ, ಕೆಂಪು ಬಾಳೆಹಣ್ಣಿನ ಬುಟ್ಟಿಯ ಮುಂದೆ ಕೂತು ಹಣ್ಣು ಆರಿಸುತ್ತಿದ್ದಳು. ಈ ನಾಟಕ ನೋಡುವುದರಲ್ಲಿ ಅವಳು ನನಗಿಂತ ಎರಡು ಸಲ ಮುಂದೆ.

"ವೈನಿ, ನಾಲ್ಕನೇ ಚರಣ ತಗದಾರಂತ."

"ಚಲೋ ಮಾಡ್ಯಾರ ಬಿಡು."

"ಹಂಗಂದ್ರ ಏನರ್ಥ?"

"ಹಿರಿಸೊಸಿ ಪಾರ್ಟ್ ಯಾರ್ ಮಾಡ್ಲಕತ್ತಾರ ಹೇಳು? ಆ ಸೀರಿಯಲ್ದಾಕಿ. ಹ್ವಾದ ವಾರ ಅಕಿ ಅತ್ತಿ ಹಾಲಿನಾಗ ಇಸಾ ಹಾಕ್ಯಾಳ. ಅಂಥಾಕಿ ಕೈಯಾಗ ಮನಿ ಕೀಲಿ ಕೊಡ್ತಾರೇನು?"

"ಅದು ಬ್ಯಾರೆ ಮನಿ, ವೈನಿ. ಇದು ಬ್ಯಾರೆ ಮನಿ."

"ಮನಿ ಬ್ಯಾರೆ ಆದ್ರ ಕೈ ಬ್ಯಾರೆ ಆಗ್ತಾವೇನು?"

ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಅಷ್ಟರಲ್ಲಿ ಹಣ್ಣು ಮಾರುವಾಕೆ ನಡುವೆ ಬಾಯಿ ಹಾಕಿದಳು.

"ವೈನಿ ಹೇಳೂದು ಖರೇ ಅದ ಅಕ್ಕಾ. ಅಕಿಗಿ ನಾ ಒಂದ್ ಬಾಳಿಹಣ್ಣ ಸುದ್ದಾ ಕೊಡಂಗಿಲ್ಲ."

ನಟಿ ಬೆಂಗಳೂರಿನಲ್ಲಿದ್ದಳು. ಹಣ್ಣು ಕೇಳಿರಲೂ ಇಲ್ಲ.

ದೋರಿ

ಹಿರಿಸೊಸೆಯ ಕುಪ್ಪಸ ಹೊಲಿಯುವ ಕೆಲಸ ನನಗೆ ಬಂತು. ಇಳಕಲ್ ಸೀರೆ, ಖಣದ ಕುಪ್ಪಸ. ನಿರ್ದೇಶಕ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಕುಪ್ಪಸದ ಬೆನ್ನು ಪೂರ್ತಿ ತೆರೆದಿತ್ತು. ನಡುವೆ ಕಟ್ಟಲು ಒಂದು ದೋರಿ, ಅದರ ತುದಿಗೆ ಗೊಂಡೆ.

"ಹಿರಿಸೊಸಿ ಹಿಂಗ ಬೆನ್ನ ಬಿಟಗೊಂಡು ಮಾವನ ಮುಂದ ನಿಲ್ಲಂಗಿಲ್ರಿ" ಅಂದೆ.

"ಮೇಡಂ, ಈಗ ಇದೇ ನಡೀತಿರೋದು. ದೋರಿ ಇರಲೇಬೇಕು."

"ದೋರಿ ಹಚ್ತೀನಿ. ನಾಲ್ಕನೇ ಚರಣ ಕೊಡ್ರಿ."

"ಮೇಡಂ, ಕುಪ್ಪಸಕ್ಕೂ ಚರಣಕ್ಕೂ ಏನು ಸಂಬಂಧ?"

"ನನ್ನ ಅಂಗಡ್ಯಾಗ ಸಂಬಂಧ ಅದ."

ಚರಣ ಕೊಡುವುದು ಅವನ ಕೈಯಲ್ಲಿರಲಿಲ್ಲ, ಮೇಲಿನವರು ಒಪ್ಪಬೇಕಂತೆ. ಬದಲಿಗೆ ಮೂವತ್ತು ಪಾಸು ಕೊಡುತ್ತೇನೆ, ನಿಮ್ಮೂರಿನವರನ್ನು ಕರೆತನ್ನಿ ಅಂದ. ಆದರೆ ಒಂದು ಷರತ್ತು. ನಾನು ಸಭೆಯಲ್ಲಿ ಬಾಯಿ ತೆರೆಯಕೂಡದು. ನನ್ನ ಬಾಯಿಂದ ಒಂದು ಸಪ್ಪಳ ಹೊರಡುವುದಿಲ್ಲವೆಂದು ಮಾತು ಕೊಟ್ಟು ಪಾಸು ತೆಗೆದುಕೊಂಡೆ.

ಹೇಳಿದ ದಿನಕ್ಕೆ ಕುಪ್ಪಸ ತಯಾರಾಯಿತು. ನಿರ್ದೇಶಕ ತಿರುಗಿಸಿ ತಿರುಗಿಸಿ ನೋಡಿದ. ಬೆನ್ನು ಕೊರಳ ತನಕ ಮುಚ್ಚಿತ್ತು.

"ಮೇಡಂ, ದೋರಿ ಎಲ್ಲಿ?"

"ಹಚ್ಚೀನಲ್ರಿ. ಒಳಗ ಅದ."

ನೇರಪ್ರಸಾರ

ಆ ಸಂಜೆ ರಂಗಮಂದಿರಕ್ಕೆ ಕಮಲಾಪುರದಿಂದ ಎರಡು ಟೆಂಪೊ ತುಂಬ ಮಂದಿ ಬಂದರು. ವೈನಿ ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತಳು, ಪಂಚಾಯ್ತಿಗೆ ಬಂದವಳ ಹಾಗೆ. ವೇದಿಕೆಯ ಮೂಲೆಯಲ್ಲಿ ಒಬ್ಬ ಹಲಗೆ ಹಿಡಿದು ನಿಂತಿದ್ದ. ಅದರಲ್ಲಿ "ಚಪ್ಪಾಳೆ" ಎಂದು ಬರೆದಿತ್ತು. ಅವನು ಹಲಗೆ ಎತ್ತಿದಾಗ ಮಾತ್ರ ಚಪ್ಪಾಳೆ ಹೊಡೆಯಬೇಕು, ಇಳಿಸಿದರೆ ನಿಲ್ಲಿಸಬೇಕು. ನಮ್ಮೂರಿನವರು ಒಂದು ಅಂಕ ಪೂರ್ತಿ ಹಾಗೇ ಮಾಡಿದರು. ಇಷ್ಟು ಶಿಸ್ತನ್ನು ನಾನು ಕಮಲಾಪುರದಲ್ಲಿ ಕಂಡಿರಲಿಲ್ಲ.

ಎರಡನೇ ಅಂಕದ ಕೊನೆ ಬಂತು. ಹೊರಸಿನ ಮೇಲೆ ಮಲಗಿದ ಮಾವ. ಕಾಲ ಬಳಿ ಹಿರಿಮಗ, ಅವನೂ ಧಾರಾವಾಹಿಯ ನಟ; ಅವನ ಹಿಂದೆ ತಮ್ಮಂದಿರಿಬ್ಬರು. ಪಕ್ಕದಲ್ಲಿ ನಾನು ಹೊಲಿದ ಕುಪ್ಪಸ ತೊಟ್ಟ ಹಿರಿಸೊಸೆ. ಎಲ್ಲರ ಕೊರಳಲ್ಲೂ ಸಣ್ಣ ಮೈಕು. ಮಾಸ್ತರು ಹಾಡಿದರು. ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗೀತ ಒಂದು ಚರಣಕ್ಕೆ ನಿಂತಿತು. ಅವರೂ ನಿಲ್ಲಿಸಿ, ತಲೆ ವಾಲಿಸಿ, ಎರಡು ನಿಮಿಷದೊಳಗೆ ಸತ್ತರು. ಮಗ ಅಳತೊಡಗಿದ. ಹಲಗೆಯವನು ಹಲಗೆ ಎತ್ತಿದ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಇಷ್ಟೇನು?" ವೈನಿ ನನ್ನ ಕಡೆ ತಿರುಗಿದಳು. "ಹಿರಿಮಗಗ ಒಬ್ಬಗೇ ಬುದ್ಧಿ ಹೇಳಿದ. ಉಳದ ಇಬ್ರೂ ಏನ್ ಪಾಪ ಮಾಡ್ಯಾರ? ನನಗೂ ಮೂರ್ ಮಂದಿ ಗಂಡಮಕ್ಕಳ ಅದಾರ. ಒಬ್ಬಗ ಹೇಳಿ ಸತ್ರ ಮನಿ ಉಳೀತದೇನು?"

ಕಂಪನಿ ನಾಟಕದಲ್ಲಿ ಒಂದು ಪದ್ಧತಿ ಇದೆ. ಹಾಡು ಮನಸ್ಸಿಗೆ ಹಿಡಿಸಿದರೆ ಸಭೆ "ಒನ್ಸ್ ಮೋರ್" ಎಂದು ಕೂಗುತ್ತದೆ. ಕೂಗಿದರೆ ನಟ ಮತ್ತೆ ಹಾಡಲೇಬೇಕು. ಅವನು ಬದುಕಿದ್ದಾನೋ ಸತ್ತಿದ್ದಾನೋ ಎಂದು ಯಾರೂ ನೋಡುವುದಿಲ್ಲ.

ನಾನು ಕೊಟ್ಟ ಮಾತಿಗೆ ತಪ್ಪಿದವಳಲ್ಲ. ತುಟಿ ಬಿಚ್ಚಲಿಲ್ಲ. ವೈನಿಯ ತೊಡೆ ಚಿವುಟಿದೆ, ಅಷ್ಟೆ. ತೊಡೆಯ ವಿಷಯದಲ್ಲಿ ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ.

"ಒನ್ಸ್ ಮೋರ್!" ವೈನಿ ಎದ್ದು ನಿಂತು ಕೂಗಿದಳು. ಅವಳ ಹಿಂದೆ ಎರಡು ಟೆಂಪೊ ಕೂಗಿದವು.

ಹೊರಸಿನ ಮೇಲೆ ಮಾಸ್ತರ ಕಣ್ಣು ತೆರೆಯಿತು. ಮೂವತ್ತು ವರ್ಷದ ರೂಢಿ, ಎದ್ದು ಕೂತರು. ಸಂಗೀತ ಇರಲಿಲ್ಲ. ಬರಿಗಂಟಲಲ್ಲಿ ಶುರು ಮಾಡಿದರು. ಆದರೆ ಹಾಡಿದ್ದು ಮೊದಲ ಚರಣವಲ್ಲ, ಎರಡನೆಯದು. ನಡುವಿನ ಮಗನಿಗೆ ಬುದ್ಧಿ ಹೇಳಿ ಮತ್ತೆ ಸತ್ತರು. ಮತ್ತೆ ಒನ್ಸ್ ಮೋರ್. ಮೂರನೆಯದು ಹಾಡಿ ಕಿರಿಮಗನನ್ನೂ ಮುಗಿಸಿದರು. ವೇದಿಕೆಯ ಪಕ್ಕದಲ್ಲಿ ನಿರ್ದೇಶಕ ಹೆಡ್‌ಫೋನು ಕಿತ್ತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ಹಲಗೆಯವನು ಹಲಗೆಯನ್ನು ಎತ್ತಬೇಕೋ ಇಳಿಸಬೇಕೋ ತಿಳಿಯದೆ ಅದರ ಹಿಂದೆ ನಿಂತುಬಿಟ್ಟ.

ಹಿರಿಮಗ ರಂಗಕ್ಕೆ ಹೊಸಬ, ಪಾಪ. ಮೂರು ಸಲ ಅತ್ತು ಅವನ ಕಣ್ಣು ಒಣಗಿತ್ತು. ಅಪ್ಪನ ಕಾಲಿನ ಮೇಲೆ ತಲೆಯಿಟ್ಟು ಮೆಲ್ಲಗೆ ಅಂದ, "ಸರ್, ಸಾಕು ಸರ್. ಟೈಮ್ ಆಯ್ತು."

ಹೆಣ ಕಣ್ಣು ತೆರೆಯದೆ ಉತ್ತರ ಕೊಟ್ಟಿತು. "ಇನ್ನೊಂದ್ ಚರಣ ಅದ ತಮ್ಮಾ. ಸುಮ್ನ ಅಳು."

ಕೊರಳಲ್ಲಿ ಮೈಕಿತ್ತು. ರಾಜ್ಯವೆಲ್ಲ ಕೇಳಿತು.

ನಾಲ್ಕನೇ ಚರಣ ಶುರುವಾಯಿತು. ಅರ್ಧಕ್ಕೆ ಮಾಸ್ತರ ಉಸಿರು ಕಟ್ಟಿತು. ಎದೆ ಏರಿತು, ಇಳಿಯಲಿಲ್ಲ. ಅದು ನಟನೆಯಲ್ಲವೆಂದು ನನಗೆ ಗೊತ್ತಿತ್ತು. ಹಾಲಿನಲ್ಲಿ ವಿಷ ಹಾಕಿದ ಹುಡುಗಿ ಅವರ ಬೆನ್ನಿಗೆ ಕೈಕೊಟ್ಟು ಎತ್ತಿ ಹಿಡಿದು, "ನಿಧಾನ ಸರ್, ನಾನಿದ್ದೀನಿ" ಅಂದಳು. ಉಸಿರು ಬಂತು. ಬಿಟ್ಟ ಜಾಗದಿಂದಲೇ ಹಿಡಿದು, ಕೊನೆಯ ಸಾಲಿನ ತನಕ ಹಾಡಿ, ಕೀಲಿಯನ್ನು ಅವಳ ಕೈಗಿಟ್ಟು ಮಾಸ್ತರು ಒರಗಿದರು. ವೈನಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಅರ್ಧ ಗಂಟೆಯ ಮೂರನೇ ಅಂಕಕ್ಕೆ ಉಳಿದದ್ದು ಹನ್ನೊಂದು ನಿಮಿಷ. ಅಣ್ಣತಮ್ಮಂದಿರು ಒಂದೇ ಹಾಡಿನಲ್ಲಿ ಜಗಳಾಡಿ, ಬೇರೆಯಾಗಿ, ಒಂದಾಗಿ, ಕಿರಿಮಗನ ಮದುವೆಯ ಅಕ್ಷತೆ ಬೀಳುವಷ್ಟರಲ್ಲಿ ಟಿವಿಯ ವಾರ್ತೆಯ ಹೊತ್ತಾಯಿತು. ಅದು ಆಮೇಲಿನ ಮಾತು. ಮಾಸ್ತರು ಒರಗಿದಾಗ ಸಭೆಗೆ ಅದಾವುದರ ಪರಿವೆ ಇರಲಿಲ್ಲ. ಕಮಲಾಪುರದವರಷ್ಟೇ ಅಲ್ಲ, ಗ್ರೂಪಿನ ಒಂದು ಚರಣದ ಪಕ್ಷದವರೂ ಎದ್ದು ನಿಂತು ಮತ್ತೆ ಕೂಗಿದರು, "ಒನ್ಸ್ ಮೋರ್!"

ಮಾಸ್ತರು ಮಲಗಿದಲ್ಲಿಂದಲೇ ತಲೆಯನ್ನಷ್ಟೇ ಎತ್ತಿ, ಸಭೆಗೆ ಕೈಮುಗಿದರು.

"ಚರಣ ಮುಗದಾವ್ರಿ. ಇನ್ನ ಸಾಯ್ತೀನಿ, ಅಪ್ಪಣಿ ಕೊಡ್ರಿ."

ಸಭೆ ಅಪ್ಪಣೆ ಕೊಟ್ಟಿತು.