ಊರಿಗೆಲ್ಲ ಒಂದೇ ಇಕ್ಕಳ

ಭೂಪಾಲ ಅಂಗಡಿಗೆ ಬೋರ್ಡು ಹಾಕಿದ್ದೇ ತಪ್ಪಾಯಿತು. ಮೊಳೆ ಬಡಿದ ಸದ್ದು ಅಡಗುವ ಮೊದಲೇ ಎದುರುಮನೆಯ ತುಳಸಾಬಾಯಿ, "ಹಲ್ಲು ಕೀಳಲಿಕ್ಕೆ ಲಾಯಸನ್ಸ್ ಅದ ಏನಪಾ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಇರಲಿಲ್ಲ. ಮಿರಜದಲ್ಲಿ ಕೆಲಸ ಕಲಿತು, ಹೆಂಡತಿ ಹೀರಾಳ ಬಳೆ ಮಾರಿ ಹೊಸ ಇಕ್ಕಳ ಕೊಂಡು, ತೇರದಾಳದಿಂದ ಜಮಖಂಡಿಗೆ ಬಂದಿದ್ದ. ಲಾಯಸನ್ಸ್ ಕಚೇರಿಯ ಚನಮಲ್ಲಪ್ಪ ನಿಯಮ ಹೇಳಿದ: "ಊರಿಗೆ ಇನ್ನೊಬ್ಬ ಬೇಕು ಅಂತ ಈಗಿದ್ದ ಹಲ್ಲಿನವರು ನನ್ನ ಮುಂದ ಬಾಯಿಲೆ ಹೇಳಬೇಕು. ಪಾಂಡುರಂಗರಾಯರನ್ನ ಕೇಳು."

"ಬಾಂವಿ ತೋಡ್ಲೋ ಬ್ಯಾಡೋ ಅಂತ ನೀರು ಮಾರಾವನ್ನ ಕೇಳಿಧಂಗಾತಲ್ಲರೀ!"

"ಸಂಸ್ಥಾನ ಹೋತು, ಮುಂಬಯಿ ಸರಕಾರ ಬಂತು. ನಿಯಮ ಮಾತ್ರ ಎಲ್ಲೂ ಹೋಗಿಲ್ಲ ತಮ್ಮಾ."

ಭೂಪಾಲ ಹೋದಾಗ ರಾಯರ ಕಟ್ಟೆಯ ಮೇಲೆ ಗಲ್ಲ ಊದಿದವರ ಸಾಲು. ಸಾವಳಗಿಯ ಯಂಕವ್ವ ನಿನ್ನೆಯಿಂದ ಕುಳಿತಿದ್ದಳು. ರಾಯರು ಸೇಂಗಾ ಚಟ್ನಿಯಲ್ಲಿ ಕಟಕ ರೊಟ್ಟಿ ಅದ್ದುತ್ತ, "ನಮ್ಮೂರ ಮಂದಿ ಹಲ್ಲು ಕಬ್ಬಿಣ. ಇನ್ನೊಬ್ಬ ಯಾಕ ಬೇಕು?" ಎಂದು ಕಚ್ಚಿದರು.

ಕಟ್! ಚಟ್ನಿಯಲ್ಲೊಂದು ಕಲ್ಲು.

ರಾಯರ ಗಲ್ಲ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು. ಕನ್ನಡಿ ಹಿಡಿದು ತಾವೇ ಕೀಳಲು ಹೋಗಿ, ಎಡಬಲ ತಿಳಿಯದೆ ಗಟ್ಟಿ ಹಲ್ಲನ್ನೇ ಜಗ್ಗಿ ಒದರಿದರು. ಬೇರೆ ಹಲ್ಲಿನವರ ಕಡೆ ಹೋಗೋಣವೆಂದರೆ ಬಿಜಾಪುರದ ಬಸ್ಸು ಹೋಗಿಬಿಟ್ಟಿತ್ತು.

"ಭೂಪಾಲ, ಕೀಳಪಾ!"

"ಲಾಯಸನ್ಸ್ ಇಲ್ಲರಿ..."

"ಕೊಡಸ್ತೀನಿ ಮಾರಾಯಾ! ಚನಮಲ್ಲಪ್ಪನ್ನ ಕರೀರಿ!"

ಒದರಾಟ ಕೇಳಿ ಬಂದಿದ್ದ ತುಳಸಾಬಾಯಿ ಓಡಿಹೋಗಿ ಅವನನ್ನು ಕರೆತರುವಷ್ಟರಲ್ಲಿ ರಾಯರ ಬಾಯಿಂದ ಮಾತಿಗೆ ಬದಲು ಊಳು ಹೊರಡುತ್ತಿತ್ತು. "ತಿಳಿಯಂಗ ಹೇಳಬೇಕ್ರಿ," ಎಂದ ಚನಮಲ್ಲಪ್ಪ. "ಮೊದಲಿಗೆ ಹಲ್ಲು ಕೀಳಿಸ್ಕೋರಿ."

ಭೂಪಾಲ ಇಕ್ಕಳ ಹಾಕಿ ಒಂದೇ ಸಲಕ್ಕೆ ಕಿತ್ತ. ರಾಯರು ಬಾಯಿ ಮುಕ್ಕಳಿಸಿದರು. ಗಲ್ಲ ಒತ್ತಿ ನೋಡಿಕೊಂಡು ನಕ್ಕರು.

"ಈಗ ಹೇಳ್ರಿ, ಊರಿಗೆ ಇನ್ನೊಬ್ಬ ಬೇಕೇನು?" ಎಂದ ಚನಮಲ್ಲಪ್ಪ.

"ಆಗ ಬೇಕಾಗಿತ್ತು. ಈಗ ನೋವೆಲ್ಲದ?"

"ಇಷ್ಟು ಮಂದಿ ನರಳಾಕತ್ತಾರಲ್ಲರೀ!" ಭೂಪಾಲ ಕೂಗಿದ.

"ಅವರಿಗೆ ನಾ ಇದ್ದೀನಿ. ನನಗ ಒಬ್ಬವ ಬೇಕಾಗಿದ್ದ. ಆತಲ್ಲ."

ಚನಮಲ್ಲಪ್ಪ ಕೆಮ್ಮಿದ. "ಹಂಗಾರ ಭೂಪಾಲ, ನೀ ಲಾಯಸನ್ಸ್ ಇಲ್ಲದೇ ಹಲ್ಲು ಕಿತ್ತಿ. ಕಣ್ಣಾರೆ ಕಂಡೀನಿ. ಇಕ್ಕಳ ಜಪ್ತಿ."

"ನೀವ ಹೇಳಿದ್ರಿ!"

"ರಾಯರಿಗೆ ಹೇಳಿದೆ. ನಿನಗಲ್ಲ."

ನಿಯಮದ ಪ್ರಕಾರ ಜಪ್ತಿಯಾದ ಇಕ್ಕಳ ಲಾಯಸನ್ಸ್ ಇದ್ದವರ ಬಳಿಯೇ ಇರಬೇಕು. ಊರಲ್ಲಿ ಅಂಥವರು ಒಬ್ಬರೇ.

ರಾಯರು ಹೀರಾಳ ಬಳೆಯ ಇಕ್ಕಳವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ಛಲೋ ಅದ. ಯಂಕವ್ವಾ, ಬಾಯಿ ತಗಿ."

"ಇಕ್ಕಳ ಏನೋ ಅವಂದು ಬಂತು," ಎಂದಳು ಯಂಕವ್ವ. "ಕೈ ನಿಮ್ಮದ ಐತಲ್ಲರೀ!"

ಆದರೂ ಕಣ್ಣು ಮುಚ್ಚಿ ಬಾಯಿ ತೆರೆದಳು. ಇನ್ನೆಲ್ಲಿ ಹೋದಾಳು?