ಖಾಲಿ ಚೀಟಿಯ ಪುಣ್ಯಾತ್ಮ

ಯಾರ ಮನಸ್ಸನ್ನೂ ನೋಯಿಸದೆ ಬದುಕಬೇಕೆಂಬ ಚಟ ಕೆಲವರಿಗಿರುತ್ತದೆ. ಗುಣ ಎಂದು ಬರೆದರೆ ನನ್ನ ಹೆಂಡತಿ ಜೆಸಿಂತಾ ಒಪ್ಪುವುದಿಲ್ಲ, ಅದಕ್ಕೇ ಚಟ ಎಂದೆ. ಇಬ್ಬರು ಜಗಳವಾಡುತ್ತಿದ್ದರೆ ಒಬ್ಬನಿಗೆ 'ಹೌದು' ಎಂದು, ಇನ್ನೊಬ್ಬನಿಗೆ 'ಅದೂ ಹೌದು' ಎಂದು ಹೇಳಿ ಮೆಲ್ಲನೆ ಜಾಗ ಖಾಲಿ ಮಾಡುವವನು ನಾನು. ಹೀಗೆಯೇ ರಿಯಾದಿನ ಮಲಾಜ್‌ನಲ್ಲಿ ಹತ್ತೊಂಬತ್ತು ವರ್ಷ ಒಬ್ಬ ವೈರಿಯೂ ಇಲ್ಲದೆ ಸಂಸಾರ ಮಾಡಿದ್ದೇನೆ. ನನ್ನಂಥವರಿಗೆ ಸಂಘಸಂಸ್ಥೆಗಳಲ್ಲಿ ಸಿಗುವುದು ಎರಡೇ ಕೆಲಸ, ಒಂದು ವಂದನಾರ್ಪಣೆ, ಇನ್ನೊಂದು ಚುನಾವಣಾಧಿಕಾರಿ. ವಂದನಾರ್ಪಣೆ ಬಹಳ ಸುಖದ ಕೆಲಸ. ನಾನು ಮೈಕ್ ಹಿಡಿಯುವ ಹೊತ್ತಿಗೆ ಸಭೆ ಬಿರಿಯಾನಿಯ ಸಾಲಿನಲ್ಲಿ ನಿಂತಿರುತ್ತದೆ, ಯಾರ ಹೆಸರು ಬಿಟ್ಟುಹೋದರೂ ಅವರಿಗೆ ಕೇಳಿಸುವುದಿಲ್ಲ. ಚುನಾವಣಾಧಿಕಾರಿಯ ಕೆಲಸವೂ ಇಷ್ಟೇ ಇರಬಹುದೆಂದು ಮೊನ್ನೆ ಒಪ್ಪಿಕೊಂಡುಬಿಟ್ಟೆ.

ಇಲ್ಲಿನ ನಮ್ಮ ಕರಾವಳಿಯವರ ಸಂಘದಲ್ಲಿ ಎರಡು ಪಕ್ಷಗಳಿವೆ. ಎರಡರ ತತ್ವವೂ ಒಂದೇ, ಊಟದ ಪಟ್ಟಿಯೂ ಒಂದೇ. ಯಾಕೆ ಎರಡಾದವು ಎಂಬುದು ಈಗ ಯಾರಿಗೂ ನೆನಪಿಲ್ಲ. ಸಂಘದ ಅಧ್ಯಕ್ಷರ ಚುನಾವಣೆಗೆ ಮೊದಲು ಪ್ರತಿ ಪಕ್ಷವೂ ತನ್ನೊಳಗೆ ಒಬ್ಬ ಅಭ್ಯರ್ಥಿಯನ್ನು ಆರಿಸಿಕೊಳ್ಳಬೇಕು. ಎದುರು ಪಕ್ಷದವರು ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಕೈ ತೊಳೆಯುವಷ್ಟರಲ್ಲಿ ಆರಿಸಿ ಮುಗಿಸಿದರು. ನಮ್ಮವರಿಗೆ ಪ್ರಜಾಪ್ರಭುತ್ವದ ಹುಚ್ಚು ಜಾಸ್ತಿ. ಮಲಾಜ್, ಯಾನ್ಬು, ಉನೈಜಾ ಮೂರೂ ಕಡೆ ಚೀಟಿಯಲ್ಲಿ ಮತದಾನವಾಗಬೇಕು ಎಂದರು. ನಿಯಮಾವಳಿ ಬರೆಯುವ ಕೆಲಸ ನನ್ನದು. ತಿಂಗಳ ಎರಡನೆಯ ಶುಕ್ರವಾರವೇ ಮತ ಹಾಕಬೇಕು, ಅದಕ್ಕೆ ಮೊದಲು ಅಥವಾ ಆಮೇಲೆ ಹಾಕಿದ್ದು ಲೆಕ್ಕಕ್ಕಿಲ್ಲ ಎಂದು ಗತ್ತಿನಿಂದ ಬರೆದೆ. ಎಲ್ಲರೂ 'ಸೂಪರ್' ಎಂದರು. ಯಾರೂ ಓದಿರಲಿಲ್ಲ.

ಅಭ್ಯರ್ಥಿಯಾಗಲು ಹೊರಟವರು ಇಬ್ಬರು, ಇಬ್ಬರೂ ನನಗೆ ಬೇಕಾದವರು. ಒಬ್ಬರು ಕಾರಿನ ಬಿಡಿಭಾಗಗಳ ಅಂಗಡಿಯ ಹಮೀದಾಕ. ಹೆಸರು ಲಾರಿಯಾದರೂ ನನಗೆ ಕಾರು ಓಡಿಸಲು ಬರುವುದಿಲ್ಲ. ನಾಲ್ಕು ಸಲ ಪರೀಕ್ಷೆಗೆ ಹೋಗಿದ್ದೆ, ನಾಲ್ಕನೆಯ ಸಲ ಪರೀಕ್ಷಕನೇ ಅರ್ಧ ದಾರಿಯಲ್ಲಿ ಇಳಿದು ನಡೆದುಕೊಂಡು ಹೋದ. ಅಂದಿನಿಂದ ಹಮೀದಾಕನೇ ಪ್ರತಿದಿನ ಬೆಳಿಗ್ಗೆ ನನ್ನನ್ನು ಆಫೀಸಿಗೆ ಬಿಟ್ಟು ಅಂಗಡಿಗೆ ಹೋಗುತ್ತಾರೆ. ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನನ್ನನ್ನು 'ಪೊರ್ಬುಗಳೇ' ಎನ್ನುತ್ತಾರೆ. ಇನ್ನೊಬ್ಬರು ನಮ್ಮ ಮೇಲಿನ ಮನೆಯ ಇಂಜಿನಿಯರ್ ವಲೇರಿಯನ್, ನಮ್ಮ ಬಾಯಲ್ಲಿ ವಾಲಿ ಬಾಬ್. ಪ್ರತಿ ಸಂಜೆ ಕೆಳಗಿಳಿದು ಬಂದು ಹತ್ತನೆಯ ತರಗತಿಯ ನನ್ನ ಮಗಳು ಶೈನಿಗೆ ಗಣಿತ ಹೇಳಿಕೊಡುತ್ತಾರೆ. ಬೋರ್ಡ್ ಪರೀಕ್ಷೆಗೆ ಉಳಿದದ್ದು ಆರೇ ವಾರ. ಹಮೀದಾಕ ಮುನಿಸಿಕೊಂಡರೆ ನನ್ನ ಆಫೀಸು ಹೋಯಿತು, ವಾಲಿ ಬಾಬ್ ಮುನಿಸಿಕೊಂಡರೆ ಮಗಳ ಗಣಿತ ಹೋಯಿತು. ಮತದಾನದ ದಿನ ಚೀಟಿ ಹಿಡಿದು ಪರದೆಯ ಹಿಂದೆ ನಿಂತಾಗ ಇದೇ ಯೋಚನೆ. ಪೆನ್ನು ಮುಟ್ಟಿದೆ, ಕೆಮ್ಮಿದೆ, ಚೀಟಿಯನ್ನು ಖಾಲಿಯಾಗಿಯೇ ಮಡಚಿ ಡಬ್ಬಿಗೆ ಹಾಕಿದೆ. ಹೊರಬಂದು ಒಬ್ಬರಿಗೆ ಕಾಣದಂತೆ ಇನ್ನೊಬ್ಬರಿಗೆ, ಹೀಗೆ ಇಬ್ಬರಿಗೂ 'ನಿಮಗೇ' ಎಂಬಂತೆ ತಲೆಯಾಡಿಸಿದೆ. ಇಷ್ಟು ನಾಜೂಕಾಗಿ ಯಾವ ಕೆಲಸವನ್ನೂ ನಾನು ಮಾಡಿದ್ದಿಲ್ಲ.

ತಕರಾರು ಬಂದದ್ದು ಹೊರಗಿನ ಊರುಗಳಿಂದ. ಯಾನ್ಬುವಿನ ಸ್ಥಾವರದಲ್ಲಿ ರಿಪೇರಿಗೆಂದು ಯಂತ್ರ ನಿಲ್ಲಿಸುವ ಸಮಯ ಬಂದಿತ್ತು. ಇನ್ನು ಯಾರಿಗೂ ರಜೆ ಸಿಗುವುದಿಲ್ಲವೆಂದು ಅಲ್ಲಿನವರು ಒಂದು ವಾರ ಮೊದಲೇ ಮತ ಹಾಕಿ ಮುಗಿಸಿದ್ದರು. ಆಗ ವಾಲಿ ಬಾಬ್ ನಿಲ್ಲುತ್ತೇನೆಂದು ಹೇಳಿಯೇ ಇರಲಿಲ್ಲ. ಹಾಗಾಗಿ ಚೀಟಿಯಲ್ಲಿ ಹಮೀದಾಕನ ಹೆಸರು, ಅದರ ಕೆಳಗೆ 'ಬೇರೆ ಯಾರಾದರೂ' ಎಂದಷ್ಟೇ ಇತ್ತು. ಹಮೀದಾಕನಿಗೆ ಹನ್ನೊಂದು, ಬೇರೆ ಯಾರಾದರೂ ಎಂಬವರಿಗೆ ಹತ್ತು ಬಿದ್ದವು. ಉನೈಜಾದಲ್ಲಿ ಇರುವುದೇ ನಾಲ್ಕು ಜನ. ಅವರು ತಮಗೆ ವೀಸಾ ಕೊಟ್ಟ ಧಣಿಯ, ಅಂದರೆ ಕಫೀಲನ, ಮಗನ ಮದುವೆಯ ಓಡಾಟದಲ್ಲಿ ಸಿಕ್ಕಿಕೊಂಡು ಎರಡು ದಿನ ತಡವಾಗಿ ಮತ ಹಾಕಿದರು. ನಾಲ್ಕೂ ವಾಲಿ ಬಾಬ್‌ಗೆ.

ಮಲಾಜ್‌ನ ಡಬ್ಬಿ ತೆರೆಯುವುದು ಮತದಾನದ ಮರುವಾರದ ಶುಕ್ರವಾರ ಎಂದಿತ್ತು. ಆ ವಾರವಿಡೀ ನನ್ನ ಬೆಳಗೂ ಸಂಜೆಯೂ ನ್ಯಾಯಾಲಯವಾದವು. ಬೆಳಿಗ್ಗೆ ಸಿಗ್ನಲ್ ಹಸಿರಾದರೂ ಹಮೀದಾಕ ಕಾರು ಮುಂದೆ ಬಿಡುತ್ತಿರಲಿಲ್ಲ.

"ಯಾನ್ಬುವಿನವರು ಮನುಷ್ಯರಲ್ವಾ ಪೊರ್ಬುಗಳೇ? ಬಿಸಿಲಲ್ಲಿ ಪೈಪ್ ಮೇಲೆ ಕೂತು ದುಡಿಯುವವರು. ಅವರ ವೋಟು ಬಿಸಾಡ್ಲಿಕ್ಕೆ ಆಗ್ತದಾ?"

"ಖಂಡಿತ ಆಗ್ಲಿಕ್ಕಿಲ್ಲ ಹಮೀದಾಕ. ಮತ್ತೆ ಉನೈಜಾದ್ದು?"

"ಅದು ಬೇರೆ. ತಡ ಅಂದ್ರೆ ತಡ. ತಡ ಆದವನಿಗೆ ವಿಮಾನ ಕಾಯ್ತದಾ? ಯಲ್ಲಾ, ಹಿಂದಿನವ ಹಾರ್ನ್ ಹೊಡೀತಾನೆ."

ಸಂಜೆ ವಾಲಿ ಬಾಬ್ ಶೈನಿಗೆ ಒಂದು ಲೆಕ್ಕ ಕೊಟ್ಟು ನನ್ನ ಕಡೆ ತಿರುಗುತ್ತಿದ್ದರು. "ಲಾರಿ, ನಾನು ನಿಲ್ಲುವ ಮೊದಲೇ ಹಾಕಿದ ವೋಟು ಎಂತ ವೋಟು? ಪ್ರಶ್ನೆಪತ್ರಿಕೆ ಕೊಡುವ ಮೊದಲೇ ಉತ್ತರ ಬರೆದ ಹಾಗೆ. ನಿಯಮ ನೀನೇ ಬರೆದದ್ದಲ್ವಾ?"

"ಹೌದು ಬಾಬ್. ಆದ್ರೆ ಉನೈಜಾದವರದ್ದು..."

"ಪಾಪ, ಅವರದ್ದು ಎಂತ ತಪ್ಪು? ಕಫೀಲನ ಮನೆಯ ಮದುವೆ ಬಿಟ್ಟು ಬರ್ಲಿಕ್ಕೆ ಆಗ್ತದಾ? ಅವರೂ ಮನುಷ್ಯರೇ. ಮತ್ತೆ ಅಷ್ಟೊಂದು ಹಟ ಇದ್ರೆ ಯಾನ್ಬುವಿನದ್ದೂ ಹಿಡಿ. ಬೇರೆ ಯಾರಾದರೂ ಅಂದ್ರೆ ನಾನಲ್ಲದೆ ಮತ್ಯಾರು?"

ಮರುದಿನ ಬೆಳಿಗ್ಗೆ ಇದನ್ನು ಹೇಳಿದರೆ ಹಮೀದಾಕ ನಕ್ಕರು. "ಬೇರೆ ಯಾರಾದರೂ ಅಂದ್ರೆ ಹತ್ತು ಜನ ಹತ್ತು ಜನರನ್ನು ನೆನೆಸಿರಬಹುದು. ಯಾರಿಗೆ ಗೊತ್ತು, ನಿಮ್ಮನ್ನೂ ನೆನೆಸಿರಬಹುದು!" ನನಗೆ ಒಳಗೊಳಗೇ ಖುಷಿಯಾಯಿತು. ಯಾನ್ಬುವಿನಲ್ಲಿ ಮತದಾನ ನಡೆಸಿದ ಅಶ್ರಫನಿಗೆ ಫೋನ್ ಮಾಡಿ, ಆ ಹತ್ತು ಜನರ ಮನಸ್ಸಿನಲ್ಲಿದ್ದದ್ದು ಯಾರು ಎಂದು ಅಧಿಕಾರಯುತವಾಗಿ ಕೇಳಿದೆ. "ಎಂತ ಕೇಳ್ತೀರಿ ಸರ್, ಹನ್ನೆರಡು ಗಂಟೆ ಶಿಫ್ಟ್ ಮುಗಿಸಿ ಬಂದವರ ಮನಸ್ಸಿನಲ್ಲಿ ನಿದ್ದೆ ಇತ್ತು" ಎಂದ. ನನ್ನ ಹೆಸರು ಅವನ ಬಾಯಿಗೆ ಬರಲೇ ಇಲ್ಲ.

ಎಣಿಕೆಯ ಶುಕ್ರವಾರ ಊರ ಹೊರಗಿನ ಇಸ್ತಿರಾಹದಲ್ಲಿ ಎಲ್ಲರೂ ಸೇರಿದರು. ನಮ್ಮ ಕೂಟಗಳೆಲ್ಲ ನಡೆಯುವುದು ಇಂಥ ಬಾಡಿಗೆಯ ತೋಟದಮನೆಗಳಲ್ಲೇ. ಜುಮ್ಮಾ ನಮಾಜು ಮುಗಿದು ಊಟವಾದ ಮೇಲೆ ನಾನು ಎದ್ದು ನಿಂತು, ನಿಯಮದ ಪ್ರಕಾರ ಯಾನ್ಬುವಿನದ್ದೂ ಇಲ್ಲ, ಉನೈಜಾದ್ದೂ ಇಲ್ಲ, ಎರಡೂ ಕಡೆಯ ಮತಗಳು ರದ್ದು ಎಂದು ಘೋಷಿಸಿದೆ. ಇದರಲ್ಲಿ ನ್ಯಾಯಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಇಬ್ಬರಿಗೂ ಬೇಸರವಾದರೆ ಸಮ ಸಮ ಆಗುತ್ತದಲ್ಲ ಎಂಬ ಲೆಕ್ಕ. ಇಬ್ಬರೂ ಗೊಣಗುತ್ತಾ ಒಪ್ಪಿದರು. ಡಬ್ಬಿ ತೆರೆದು ಎಣಿಸಿದೆವು. ಹಮೀದಾಕನಿಗೆ ಮೂವತ್ತಾರು, ವಾಲಿ ಬಾಬ್‌ಗೆ ಮೂವತ್ತಾರು, ಒಂದು ಖಾಲಿ.

ಆ ಖಾಲಿ ಚೀಟಿಯನ್ನು ಬೇಗ ಬೇಗ ಮಡಚಿ ಉಳಿದವುಗಳ ಕೆಳಗೆ ತೂರಿಸಿದೆ. "ಯಾರದು ಆ ಖಾಲಿ ಚೀಟಿಯ ಪುಣ್ಯಾತ್ಮ?" ಎಂದು ಯಾರೋ ಕೂಗಿದರು. "ಕೈ ಎತ್ತಲಿ, ಈಗಲೇ ಬರೆಯಲಿ, ಖಲಾಸ್!" ಎಂದರು ಇನ್ನೊಬ್ಬರು. ಕೈ ಎತ್ತುವವರಾರು? ಆಗ ಎಲ್ಲರ ಕಣ್ಣು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಸೀತಾರಾಮಣ್ಣನ ಮೇಲೆ ಬಿತ್ತು. ಅರವತ್ತು ದಾಟಿದ ಮನುಷ್ಯ, ಸೌಮ್ಯ ಸ್ವಭಾವ. ಮತದಾನದ ದಿನ ಕನ್ನಡಕ ಮರೆತು ಬಂದಿದ್ದರು. "ಇವರದ್ದೇ! ಅಕ್ಷರ ಕಾಣದೆ ಖಾಲಿ ಹಾಕಿದ್ದಾರೆ" ಎಂದು ನಗೆಯೆದ್ದಿತು. "ಇಲ್ಲ ಮಾರಾಯ್ರೆ, ನಾನು ಗುರುತು ಹಾಕಿದ್ದೆ" ಎಂದರು ಅವರು. ನಗು ಜೋರಾದಂತೆ ಅವರ ದನಿ ಇಳಿಯಿತು. "ಹಾಕಿದ ಹಾಗೆ ನೆನಪು... ಈಗೀಗ ನನಗೆ ಎಲ್ಲ ಮರೆಯುತ್ತದೆ." ಯಾರೋ ಅವರ ಮುಂದೆ ಪೆನ್ನು ಹಿಡಿದೂ ಆಯಿತು. ನನ್ನ ನಾಜೂಕಿನಿಂದ ಒಬ್ಬ ಒಳ್ಳೆಯ ಮನುಷ್ಯ ತನ್ನ ಬುದ್ಧಿಯ ಮೇಲೆಯೇ ಸಂಶಯಪಡುವಂತಾಗಿತ್ತು. ಹೆಂಗಸರ ಕಡೆಯಿಂದ ಜೆಸಿಂತಾ ನನ್ನನ್ನು ಒಂದು ಸಲ ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವಳು ಬಾಯಿ ತೆರೆಯಬೇಕೆಂದಿಲ್ಲ.

"ಆ ಚೀಟಿ ನನ್ನದು" ಎಂದೆ.

ಸೀತಾರಾಮಣ್ಣ "ಅಬ್ಬ, ದೇವರೇ! ನಾನು ಹಾಕಿದ್ದೆ, ನಾನು ಹಾಕಿದ್ದೆ" ಎಂದು ಪಕ್ಕದವರ ತೊಡೆ ತಟ್ಟಿ ಹೇಳಿದರು. ಈಗ ಆಕಾಶ ಕಳಚಿ ಬೀಳುತ್ತದೆಂದು ನಾನು ಕಾಯುತ್ತಿದ್ದರೆ ಹಮೀದಾಕ ಬಿದ್ದು ಬಿದ್ದು ನಕ್ಕರು. "ನಿಮ್ಮ ವೋಟನ್ನು ನಾನು ಲೆಕ್ಕಕ್ಕೇ ಹಿಡಿದಿರ್ಲಿಲ್ಲ ಪೊರ್ಬುಗಳೇ! ಬೆಳಿಗ್ಗೆ ನಮಗೆ ಹೌದು, ಸಂಜೆ ಅವರಿಗೆ ಹೌದು. ನಿಮ್ಮ ವಿಷಯ ಗೊತ್ತಿಲ್ವಾ?" ವಾಲಿ ಬಾಬ್ ಕೂಡ ಕನ್ನಡಕ ಒರೆಸುತ್ತಾ, "ನಾನೂ ಹಿಡಿದಿರ್ಲಿಲ್ಲ" ಎಂದರು. ಒಂದು ವಾರ ನಿದ್ದೆಗೆಟ್ಟು ಕಾಪಾಡಿದ ನನ್ನ ಎರಡು ಹೌದುಗಳ ಗುಟ್ಟು ಇಬ್ಬರಿಗೂ ಮೊದಲೇ ಗೊತ್ತಿತ್ತು. ನನಗೆ ನೆಮ್ಮದಿಯಾಯಿತು, ಅದಕ್ಕಿಂತ ಹೆಚ್ಚು ಅವಮಾನವೂ ಆಯಿತು.

ಇಬ್ಬರೂ ಸೇರಿ ನನ್ನ ಕೈಗೇ ಪೆನ್ನು ಕೊಟ್ಟರು. ಪರದೆಯ ಹಿಂದೆ ಹೋಗಿ ಬರೆದೆ, ಮಡಚಿದೆ, ಮತದಾರನಾಗಿ ಚೀಟಿಯನ್ನು ಚುನಾವಣಾಧಿಕಾರಿಗೆ ಒಪ್ಪಿಸಿದೆ. ಆಮೇಲೆ ಚುನಾವಣಾಧಿಕಾರಿಯಾಗಿ ಅದನ್ನು ಬಿಡಿಸಿ, ಒಳಗೇನಿದೆಯೋ ಎಂಬ ಮುಖ ಮಾಡಿಕೊಂಡು ಓದಿದೆ. "ಹಮೀದಾಕ." ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಆ ಇಸ್ತಿರಾಹದಿಂದ ಮನೆಗೆ ನಲವತ್ತು ಕಿಲೋಮೀಟರ್, ನಾವು ಮೂವರೂ ಬಂದದ್ದು ಅವರ ಕಾರಿನಲ್ಲಿ.

ಮರುದಿನ ಸಂಜೆ ವಾಲಿ ಬಾಬ್ ಬರುವುದಿಲ್ಲವೆಂದುಕೊಂಡು ನಾನೇ ಶೈನಿಯ ಗಣಿತದ ಪುಸ್ತಕ ತೆರೆದು ಕೂತಿದ್ದೆ. "ಪಪ್ಪಾ, ಪ್ಲೀಸ್, ಬೇಡ" ಎಂದಳು ಅವಳು. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ವಾಲಿ ಬಾಬ್ ಎಂದಿನಂತೆ ಬಂದು, ಎಂದಿನಂತೆ ಒಂದೂವರೆ ಗಂಟೆ ಪಾಠ ಮಾಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟರು. "ಲಾರಿ, ಕೊನೆಗೂ ಒಂದು ಹೆಸರು ಬರೆದೆಯಲ್ಲ, ನನಗೆ ಅದೇ ಸಂತೋಷ. ನನ್ನದಲ್ಲದಿದ್ದರೂ ಅಡ್ಡಿಯಿಲ್ಲ." ನನ್ನ ಕಣ್ಣು ತುಂಬಿತು. ಇಂಥ ಮನುಷ್ಯನ ಎದುರು ಸುಮ್ಮನಿದ್ದಿದ್ದರೆ ನಾನು ಆ ದಿನದಿಂದ ಬೇರೆಯೇ ಆಗಿಬಿಡುತ್ತಿದ್ದೆನೋ ಏನೋ. ಆದರೆ ಸುಮ್ಮನಿರಲಾಗಲಿಲ್ಲ. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದನಿ ತಗ್ಗಿಸಿ, "ನಿಜ ಹೇಳ್ಬೇಕಾದ್ರೆ ಬಾಬ್, ಮನಸ್ಸಿನಲ್ಲಿ ನಾನು ವೋಟು ಹಾಕಿದ್ದು ನಿಮಗೇ" ಎಂದುಬಿಟ್ಟೆ.