ಮಾವನ ಬೆನ್ನಿನ ಕಣ್ಣಿಗೆ ಚಾರ್ಜು

ನಮ್ಮ ಸೋದರಮಾವನಿಗೆ ಬೆನ್ನಿನಲ್ಲೂ ಒಂದು ಕಣ್ಣಿದೆ ಎಂದರೆ ನೀವು ನಂಬುವುದಿಲ್ಲ. ಇದೆ ಸ್ವಾಮಿ! ಏನು ಮಾಡುವುದು, ಆ ಕಣ್ಣಿಗೆ ದಿನಾ ಚಾರ್ಜ್ ಹಾಕಬೇಕು, ಅಷ್ಟೇ.

ಅದು ಸೈಕಲ್ ಸೀಟಿನ ಕೆಳಗೆ ಕೂರುವ ರೇಡಾರ್ ದೀಪ. ಹಿಂದಿನಿಂದ ಗಾಡಿ ಬಂದರೆ ಹ್ಯಾಂಡಲ್ ಮೇಲಿನ ಪುಟ್ಟ ಪರದೆಯಲ್ಲಿ ಚುಕ್ಕೆ ಮೂಡಿ ಕೀಂಕ್ ಎನ್ನುತ್ತದೆ. ಕಳವಾರದ ರಸ್ತೆಯಲ್ಲಿ ಗೂಡ್ಸ್ ಆಟೋ ಗುದ್ದಿ ಮಾವ ಕಾಲು ಮುರಿದುಕೊಂಡ ಮೇಲೆ ಅತ್ತೆ ಸೈಕಲ್ಲಿಗೆ ಬೀಗ ಜಡಿದಿದ್ದರು. ಕಾಲು ಕೂಡಿಕೊಂಡರೂ ಮಾವನ ಮುಖದಲ್ಲಿ ಕಳೆ ಬರಲಿಲ್ಲ. ಕೊನೆಗೆ ಈ ದೀಪ ತಂದು ಅತ್ತೆಯ ತಲೆ ಮುಟ್ಟಿ ಹೇಳಿದರು: "ನಿನ್ನಾಣೆ ಕಣೇ, ಇದ್ರಲ್ಲಿ ಚಾರ್ಜ್ ಇಲ್ದೆ ಪೆಡಲ್ ತುಳಿಯಲ್ಲ." ಬೀಗ ಬಿಚ್ಚಿತು.

ಅಂದಿನಿಂದ ಮಾವ ಬ್ಯಾಟರಿಯ ಪರಮಭಕ್ತ. ಒಂದೇ ಸಮನೆ ಉರಿದರೆ ಬೇಗ ಮುಗಿಯುತ್ತದೆ, ಮಿಣುಕಿದರೆ ಹೆಚ್ಚು ಹೊತ್ತು ಬಾಳುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಉಪದೇಶ. ಶಿಡ್ಲಘಟ್ಟದ ಮದುವೆಯೊಂದರಲ್ಲಿ ಅಕ್ಷತೆ ಹಾಕುತ್ತಾ ಮದುಮಗನಿಗೂ ಹೇಳಿ ಬಂದರು! ಒಮ್ಮೆ ಪರೀಕ್ಷೆಗೆಂದು ಅದನ್ನು ಸೊಂಟಕ್ಕೆ ಕಟ್ಟಿ, ಪರದೆಯನ್ನು ಕೈಯಲ್ಲಿ ಹಿಡಿದುಕೊಂಡು ತರಕಾರಿ ಮಾರುಕಟ್ಟೆಗೆ ಹೋದರು. ಟೊಮ್ಯಾಟೊ ಗಾಡಿಗಳ ನಡುವೆ ಪಾಪ, ಅದು ಕೀಂಕ್ ಕೀಂಕ್ ಎಂದು ಅರಚಿ ಸುಸ್ತಾಯಿತು. ಬಿಪಿ ಮಿಷಿನ್ನಾ ಸಾರ್ ಎಂದು ಸೊಪ್ಪಿನವಳು ಕೇಳಿದಳಂತೆ. ಮಾವನಿಗೆ ಬೇಜಾರಾದದ್ದು ಅದಕ್ಕಲ್ಲ, ದಂಡವಾದ ಚಾರ್ಜಿಗೆ.

ಮೊನ್ನೆ ಬೆಳಗ್ಗೆ ನಾನೂ ನನ್ನ ಸೈಕಲ್ಲಿನಲ್ಲಿ ಜೊತೆಗಿದ್ದೆ. ಕಳವಾರದಲ್ಲಿ ಟೀ ಕುಡಿದು ವಾಪಸು ಹೊರಟರೆ, ದೀಪ ಸತ್ತಿದೆ! ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿದ್ದರಲ್ಲ? ಹಾಕಿದ್ದರು. ಆದರೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸದೆ ಅತ್ತೆ ಮಲಗುವವರಲ್ಲ. ಬೆಳಗ್ಗೆ ವಯರು ಕೀಳುವಾಗ ಸ್ವಿಚ್ಚು ಆರಿದ್ದುದು ಮಾವನಿಗೆ ಈಗ ನೆನಪಾಯಿತು.

"ತುಳೀರಿ ಮಾವ, ಅತ್ತೆಗೆ ಯಾರು ಹೇಳ್ತಾರೆ?" ಎಂದೆ.

"ಅವಳ ತಲೆ ಮುಟ್ಟಿದ್ದೀನಿ ಕಣಪ್ಪ," ಎಂದವರೇ ಸೈಕಲ್ ತಳ್ಳತೊಡಗಿದರು. ಚಿಕ್ಕಬಳ್ಳಾಪುರದ ಮನೆಯವರೆಗೂ ತಳ್ಳಿದರು, ಅದೂ ಮುರಿದು ಕೂಡಿದ ಕಾಲಿನಲ್ಲಿ! ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ನಾನೂ ನಡೆದೆ.

ಅತ್ತೆ ಬಾಗಿಲಲ್ಲೇ ಗಾಬರಿಯಾಗಿ ನಿಂತಿದ್ದರು. ಯಾಕೆ ಇಷ್ಟು ತಡ ಎಂದರೆ ಮಾವ ಸ್ವಿಚ್ಚಿನ ಸುದ್ದಿಯನ್ನೇ ಎತ್ತದೆ, ಪಂಚರ್ ಆಗಿತ್ತು ಎಂದು ಒಳಗೆ ಹೋದರು. ಅತ್ತೆ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಮುಂದಿನದೂ ಗಟ್ಟಿ. ಆಮೇಲೆ ದೀಪದ ಗುಂಡಿ ಒತ್ತಿದರು. ಅದು ಹೊತ್ತಲಿಲ್ಲ. ಅತ್ತೆಗೆ ಎಲ್ಲ ತಿಳಿಯಿತು, ಕಣ್ಣು ತುಂಬಿಕೊಂಡರು.

"ರೀ," ಎಂದರು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಬಿಸಿನೀರು ತರ್ತೀನಿ."